ಕೆಂಪು ಚುಕ್ಕೆಯ ಲೋಟ

ಬೆಳಗಿನ ಟೀ ಕುದಿಯುವ ಹೊತ್ತಿಗೆ ಮೂರನೇ ಮಹಡಿಯ ಆ ಮನೆಯಲ್ಲಿ ದಿನವೂ ಒಂದು ಸಣ್ಣ ತಪಾಸಣೆ ನಡೆಯುತ್ತಿತ್ತು. ಸೊಸೆ ತೊಳೆದು ಸಾಲಾಗಿ ಇಟ್ಟಿದ್ದ ಸ್ಟೀಲ್ ಲೋಟಗಳನ್ನು ಅತ್ತೆ ಒಂದೊಂದಾಗಿ ಎತ್ತಿ ತಳ ನೋಡುವರು. ಒಂದರ ತಳದಲ್ಲಿ ಮಾತ್ರ ಉಗುರುಬಣ್ಣದ ಕೆಂಪು ಚುಕ್ಕೆ ಇರುತ್ತಿತ್ತು. ಅದು ಸಿಕ್ಕೊಡನೆ ಎರಡೇ ಬೆರಳಲ್ಲಿ ಹಿಡಿದು ಕಿಟಕಿಯ ಕಟ್ಟೆಯ ಮೇಲೆ ಇಡುವರು. ಮಿಕ್ಕ ಲೋಟಗಳು ಮನೆಯವರಿಗೆ, ಅದು ಮೆಟ್ಟಿಲಮ್ಮನಿಗೆ.

ಮೆಟ್ಟಿಲಮ್ಮ ಎಂದರೆ ಆ ಕಟ್ಟಡದ ಮೆಟ್ಟಿಲುಗಳನ್ನು ತಾರಸಿಯಿಂದ ಗೇಟಿನವರೆಗೆ ಗುಡಿಸಿ ಒರೆಸುವ ಹೆಂಗಸು. ವಯಸ್ಸಿನಲ್ಲಿ ಅತ್ತೆಗೆ ಸರಿಸಮ. ಮೂರನೇ ಮಹಡಿಗೆ ಇಳಿಯುವಷ್ಟರಲ್ಲಿ ಅವಳ ಸೊಂಟ ಹಿಡಿದುಕೊಳ್ಳುತ್ತಿತ್ತು. ಆಗ ಬಾಗಿಲ ಹೊರಗೆ ಮೆಟ್ಟಿಲ ಮೇಲೆಯೇ ಕೂತು, ಹೆಗಲ ಮೇಲೆ ಮಡಚಿಟ್ಟ ಬಿಳಿ ಬಟ್ಟೆಯಲ್ಲಿ ಮುಖ ಒರೆಸಿಕೊಂಡು, ಟೀ ಕುಡಿದು ಮುಂದೆ ಇಳಿಯುವಳು. ಆ ಬಿಳಿ ಬಟ್ಟೆಯನ್ನು ಅವಳು ನೆಲ ಒರೆಸುವ ಬಟ್ಟೆಗೆ ಎಂದೂ ಸೋಕಿಸುತ್ತಿರಲಿಲ್ಲ.

ಲೋಟದ ವಿಷಯದಲ್ಲಿ ಅತ್ತೆಯದು ಸ್ಪಷ್ಟ ನಿಲುವು. ಹುಡುಗಿಯರ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು ಅವರು. ಇಡೀ ಕಟ್ಟಡ ಅವರನ್ನು ಈಗಲೂ ಹೆಡ್‌ಮೇಡಂ ಎಂದೇ ಕರೆಯುತ್ತಿತ್ತು.

"ನಾನೇನು ಮೇಲು-ಕೀಳು ನೋಡೋಳಲ್ಲ," ಎನ್ನುತ್ತಿದ್ದರು. "ಶಾಲೇಲಿ ಎಲ್ಲ ಮಕ್ಕಳನ್ನೂ ಒಂದೇ ಬೆಂಚಲ್ಲಿ ಕೂರಿಸ್ದೋಳು. ಇದು ಶುಚಿ ವಿಷಯ. ಅವಳು ಇಡೀ ಕಟ್ಟಡದ ಧೂಳು ಬಳೀತಾಳೆ."

"ಧೂಳು ಕೈಯಲ್ಲಿ ಬಳೀತಾಳೆ ಅತ್ತೆ," ಎಂದಿದ್ದಳು ಸೊಸೆ ಒಮ್ಮೆ. "ಬಾಯಲ್ಲಿ ಅಲ್ವಲ್ಲ."

"ನಿನಗೆ ಎಲ್ಲಾ ತಮಾಷೆ," ಎಂದಿದ್ದರು ಅತ್ತೆ. ಮಾತು ಅಲ್ಲಿಗೆ ಮುಗಿದಿತ್ತು, ಚುಕ್ಕೆ ಉಳಿದಿತ್ತು.

ಆದರೆ ಈ ವಾರ ಹೆಡ್‌ಮೇಡಂಗೆ ಲೋಟಕ್ಕಿಂತ ದೊಡ್ಡ ಚಿಂತೆ ಹತ್ತಿಕೊಂಡಿತ್ತು. ಅದು ಅವರ ಬಾಯೊಳಗೇ ಇತ್ತು.

ಕೆಲವು ತಿಂಗಳ ಹಿಂದೆ ಅವರು ಮೇಲಿನ ಸಾಲಿಗೆ ಹಲ್ಲಿನ ಸೆಟ್ಟು ಮಾಡಿಸಿಕೊಂಡಿದ್ದರು. ಕೆಳಗೆ ನೆಲಮಹಡಿಯಲ್ಲೇ ಹಲ್ಲಿನ ಡಾಕ್ಟರರ ಕ್ಲಿನಿಕ್ಕು. ಅಳತೆ ಕೊಡುವ ದಿನ ಹೆಡ್‌ಮೇಡಂ ತಮ್ಮ ಹಳೆಯ ಫೋಟೋ ಒಂದನ್ನು ಒಯ್ದು, ಸ್ವಲ್ಪ ನಾಚಿಕೆಯಿಂದಲೇ ತೋರಿಸಿದ್ದರು.

"ಎಡಗಡೆ ಕೋರೆಹಲ್ಲು ಸ್ವಲ್ಪ ಸೊಟ್ಟಗಿತ್ತು ಡಾಕ್ಟರೇ. ಹಾಗೇ ಮಾಡಿಬಿಡಿ."

ಡಾಕ್ಟರು ನಕ್ಕರು. "ಎಲ್ಲರೂ ಸೊಟ್ಟ ಇದ್ದದ್ದು ನೆಟ್ಟಗೆ ಮಾಡಿ ಅಂತಾರೆ ಮೇಡಂ. ನೀವೊಬ್ರು..."

"ಸಹಜವಾಗಿ ಕಾಣ್ಲಿ ಅಂತ," ಎಂದು ಹೆಡ್‌ಮೇಡಂ ಬಿಗಿಯಾಗಿ ಹೇಳಿದರು. ನಿಜವಾದ ಕಾರಣ ಹೇಳಲು ಬಾಯಿ ಬರಲಿಲ್ಲ. ತೀರಿಕೊಂಡ ಗಂಡನಿಗೆ ಆ ಹಲ್ಲೆಂದರೆ ಪ್ರಾಣ. "ನೀನು ಎಷ್ಟೇ ಸಿಟ್ಟು ಮಾಡು, ಆ ಒಂದು ಹಲ್ಲು ಮಾತ್ರ ನನ್ನ ಕಡೆ," ಎನ್ನುತ್ತಿದ್ದರು ಅವರು.

ಸೆಟ್ಟು ಚೆನ್ನಾಗಿಯೇ ಕೂತಿತ್ತು. ಒಳಗಡೆ ಒಂದು ಅಂಚು ಚುಚ್ಚುತ್ತದೆಂದು ಕಳೆದ ವಾರ ಉಜ್ಜಿಸಲು ಕೊಟ್ಟರು. ಸಂಜೆ ಕಾಂಪೌಂಡರನೇ ಡಬ್ಬಿ ತಂದುಕೊಟ್ಟು, "ಉಜ್ಜಿದ ಮೇಲೆ ಸ್ವಲ್ಪ ದಿನ ಹೊಸದಾಗಿ ಅನ್ನಿಸುತ್ತೆ ಮೇಡಂ. ಅಡ್ಜಸ್ಟ್ ಆಗುತ್ತೆ," ಎಂದು ಹೋದ.

ಹಾಕಿಕೊಂಡರೆ ಒಂದು ಕಡೆ ಸಡಿಲ, ಇನ್ನೊಂದು ಕಡೆ ಇಕ್ಕಳ. ಅದಕ್ಕಿಂತ ಹೆಚ್ಚಾಗಿ, ಕನ್ನಡಿಯಲ್ಲಿ ಸೊಟ್ಟ ಹಲ್ಲು ಕಾಣಲೇ ಇಲ್ಲ. ಸಾಲು ದಾರ ಹಿಡಿದು ನಿಲ್ಲಿಸಿದಂತೆ ನೆಟ್ಟಗಿತ್ತು. ಡಾಕ್ಟರು ಅಂಚಿನ ಜೊತೆಗೆ ಅದನ್ನೂ ಉಜ್ಜಿ ನೇರ ಮಾಡಿಬಿಟ್ಟರು ಎಂದುಕೊಂಡರು ಹೆಡ್‌ಮೇಡಂ. ಆದರೆ ಹೋಗಿ ಜಗಳವಾಡುವುದು ಹೇಗೆ? ಈ ವಯಸ್ಸಿನಲ್ಲಿ ಒಂದು ಸೊಟ್ಟ ಹಲ್ಲಿಗಾಗಿ ಅತ್ತರು ಎಂದು ನಾಲ್ಕು ಜನ ಆಡಿಕೊಳ್ಳುವುದಿಲ್ಲವೇ? ಇಷ್ಟಕ್ಕೂ 'ತೊಂದರೆ ಬೆಂಚಿನಲ್ಲಿಲ್ಲ, ನಿನ್ನಲ್ಲಿದೆ' ಎಂದು ಶಾಲೆಯ ಹುಡುಗಿಯರಿಗೆ ಜೀವಮಾನವಿಡೀ ಹೇಳಿದವರು ಅವರು. ತಮ್ಮ ಒಸಡಿಗೂ ಅದನ್ನೇ ಹೇಳಿ ಸುಮ್ಮನಾದರು.

ಒಸಡು ಕೇಳಲಿಲ್ಲ. ಬರುವ ಭಾನುವಾರ ಹಳೆಯ ವಿದ್ಯಾರ್ಥಿನಿಯರು ಸೇರಿ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಭಾಷಣದ ವಿಷಯ 'ಶಿಸ್ತು, ಶುಚಿ ಮತ್ತು ಸಮಯಪಾಲನೆ'. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದರೆ 'ಶಿಸ್ತು' ಎನ್ನುವಾಗ ಹಲ್ಲಿನ ಸಂದಿಯಿಂದ ಉದ್ದನೆಯ ಸಿಳ್ಳೆ ಹೊರಡುತ್ತಿತ್ತು. 'ಶುಚಿ'ಗೆ ಇನ್ನೊಂದು. ಸೊಸೆ ಕುಕ್ಕರ್ ಕೂಗಿತೆಂದು ಅಡುಗೆಮನೆಗೆ ಓಡಿ, ಆರಿದ ಒಲೆ ನೋಡಿ ವಾಪಸು ಬಂದಳು.

"ಅತ್ತೆ, ವಿಷಯ ಬದಲಾಯಿಸಿಬಿಡಿ. 'ಕರ್ತವ್ಯ' ಅಂತ ಮಾತಾಡಿ. ಸಿಳ್ಳೆ ಬರಲ್ಲ."

"ಬಾಯಿ ಮುಚ್ಚು," ಎಂದರು ಹೆಡ್‌ಮೇಡಂ. ತಾವೇ ಮುಚ್ಚಿಕೊಂಡರು.

ಶುಕ್ರವಾರ ಬೆಳಿಗ್ಗೆ ಅವರು ಬಾಗಿಲು ತೆರೆದು ಕಾಲಿಟ್ಟರೆ ಮೆಟ್ಟಿಲೆಲ್ಲ ನೀರು. ಮೆಟ್ಟಿಲಮ್ಮ ಬಕೆಟ್ಟಿನ ಪಕ್ಕದಲ್ಲಿ ಕೂತು ಬಟ್ಟೆ ಹಿಂಡುತ್ತಿದ್ದಳು.

"ಏನೇ ಇದು, ಹೊಳೆ ಹರಿಸಿದ್ದೀಯ! ನಾನು ಜಾರಿ ಬಿದ್ದು ಸೊಂಟ ಮುರ್ಕೊಂಡ್ರೆ ಭಾನುವಾರ ಭಾಷಣ ನೀನು ಮಾಡ್ತೀಯಾ?"

"ನಾನು ಮಾಡಿದ್ರೆ ಬೇಗ ಮುಗಿಯುತ್ತೆ ಅಮ್ಮಾ, ಜನ ಹರಸ್ತಾರೆ," ಎಂದು ಮೆಟ್ಟಿಲಮ್ಮ ತಲೆಯೆತ್ತಿ ನಕ್ಕಳು.

ಹೆಡ್‌ಮೇಡಂ ಎತ್ತಿದ ಕಾಲನ್ನು ಹಾಗೆಯೇ ಎತ್ತಿಕೊಂಡು ನಿಂತರು. ಆ ನಗು ಅವರಿಗೆ ಗೊತ್ತಿತ್ತು. ಎಡಗಡೆ ಕೋರೆಹಲ್ಲು ಚೂರು ಮುಂದೆ ಬಂದು, ಪಕ್ಕದ ಹಲ್ಲಿನ ಹೆಗಲ ಮೇಲೆ ಕೈ ಹಾಕಿದ ಗೆಳತಿಯಂತೆ ವಾಲಿಕೊಂಡಿತ್ತು. ಮದುವೆಯ ಫೋಟೋದಲ್ಲಿ, ಕೆಲಸದ ಗುರುತಿನ ಚೀಟಿಯಲ್ಲಿ, ಮಗನನ್ನು ಎತ್ತಿಕೊಂಡ ಫೋಟೋದಲ್ಲಿ ಇದ್ದ ಅದೇ ನಗು. ಈಗ ಅದು ಮೆಟ್ಟಿಲಮ್ಮನ ಬಾಯಲ್ಲಿ ಕೂತು ತಮ್ಮನ್ನೇ ನೋಡಿ ನಗುತ್ತಿತ್ತು.

"ನೀನು... ಹಲ್ಲು ಕಟ್ಟಿಸ್ಕೊಂಡಿದ್ದೀಯಾ?"

"ಹೂಂ ಅಮ್ಮಾ. ಕೆಳಗಿನ ಡಾಕ್ಟ್ರಪ್ಪನೇ ಕಟ್ಟಿಕೊಟ್ರು. ಕ್ಲಿನಿಕ್ಕು ಗುಡಿಸ್ತೀನಲ್ಲ, ಕಮ್ಮೀಲಿ ಮಾಡ್ಕೊಟ್ರು. ಮೊದಲು ಸರಿಯಾಗೇ ಇತ್ತು. ಹೋದ ವಾರ ಉಜ್ಜೋಕೆ ಕೊಟ್ಟಿದ್ದೆ ನೋಡಿ, ಆಮೇಲೆ ಯಾಕೋ ಹಿಡೀತಾನೇ ಇಲ್ಲ..."

ಮುಂದಿನದು ಕೇಳಲು ಹೆಡ್‌ಮೇಡಂ ಅಲ್ಲಿರಲಿಲ್ಲ.

ಸೊಸೆ ಸ್ನಾನಮಾಡಿ ಹೊರಬಂದಾಗ ಅತ್ತೆ ಅಡುಗೆಮನೆಯ ಸಿಂಕಿನ ಮುಂದೆ ಬಾಗಿ, ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸುತ್ತಿದ್ದರು. ಪಕ್ಕದ ಬಟ್ಟಲಲ್ಲಿ ನೆಟ್ಟಗಿನ ಹಲ್ಲಿನ ಸಾಲು ಯಾರಿಗೂ ಸೇರದಂತೆ ಬಿದ್ದಿತ್ತು.

"ಏನಾಯ್ತು ಅತ್ತೆ?"

ಹಲ್ಲಿಲ್ಲದ ಬಾಯಲ್ಲಿ ಹೆಡ್‌ಮೇಡಂ ಹೇಳಿದ್ದು ಮೊದಲ ಸಲ ಅರ್ಥವಾಗಲಿಲ್ಲ. ಎರಡನೇ ಸಲ ಬಟ್ಟಲನ್ನೂ ಬಾಗಿಲ ಹೊರಗಿನ ಮೆಟ್ಟಿಲನ್ನೂ ತೋರಿಸಿ ಹೇಳಿದಾಗ ಅರ್ಥವಾಯಿತು. ಸೊಸೆ ನಗು ತಡೆಯಲು ಬಾಯಿಗೆ ಟವೆಲು ತುರುಕಿಕೊಂಡಳು. ಅದೂ ಸಾಲದೆ ನೆಲದ ಮೇಲೆ ಕುಸಿದು ಕೂತಳು.

"ಅಂದ್ರೆ... ವಾರದಿಂದ... ಅವಳ ಹಲ್ಲು... ನಿಮ್ಮ ಬಾಯಲ್ಲಿ..."

"ನಗಬೇಡ! ಮುಕ್ಕಳಿಸಿ ಮುಕ್ಕಳಿಸಿ ಗಂಟಲು ಹರೀತಿದೆ ನನಗೆ."

"ಲೋಟಕ್ಕೇನೋ ಚುಕ್ಕೆ ಇಟ್ರಿ ಅತ್ತೆ. ಹಲ್ಲಿಗೆ ಇಡೋದು ಮರೆತ್ರಿ," ಎಂದಳು ಸೊಸೆ ಕಣ್ಣೊರೆಸಿಕೊಳ್ಳುತ್ತಾ.

ಹೆಡ್‌ಮೇಡಂರ ತಲೆಯಲ್ಲಿ ಆಗಲೇ ಒಂದು ಉಪಾಯ ಓಡುತ್ತಿತ್ತು. ಮೆಟ್ಟಿಲಮ್ಮನಿಗೆ ಗೊತ್ತೇ ಆಗದಂತೆ ಹಲ್ಲು ಬದಲಾಯಿಸಿಕೊಳ್ಳಬೇಕು. 'ಇನ್ನೊಂದು ಸಲ ಉಜ್ಜಬೇಕು' ಎಂದು ಕಾಂಪೌಂಡರ ಅವಳಿಂದ ಇಸಿದುಕೊಂಡರಾಯಿತು. ಗೊತ್ತಾದರೆ ಕಟ್ಟಡವೆಲ್ಲ ಸುದ್ದಿ. ಹೆಡ್‌ಮೇಡಂ ಮೆಟ್ಟಿಲಮ್ಮನ ಹಲ್ಲಲ್ಲಿ ಊಟ ಮಾಡಿದರಂತೆ! ಅದಕ್ಕಿಂತ ಮುಖ್ಯವಾಗಿ, ಆ ಮೇಲೆ ಅವಳ ಮುಂದೆ ಆ ಲೋಟ ಹೇಗೆ ಇಡುವುದು?

ಬಟ್ಟಲಿನ ಸೆಟ್ಟನ್ನು ಕೈಚೀಲಕ್ಕೆ ಹಾಕಿಕೊಂಡು ಅವರು ಕ್ಲಿನಿಕ್ಕಿಗೆ ಇಳಿದರು. ವಿಷಯ ಕೇಳಿ ಕಾಂಪೌಂಡರನ ಮುಖ ಸುಣ್ಣದಂತಾಯಿತು. ಎರಡೂ ಸೆಟ್ಟು ಒಂದೇ ದಿನ ಬಂದಿದ್ದವು, ಎರಡಕ್ಕೂ ಒಂದೇ ಬಗೆಯ ನೀಲಿ ಡಬ್ಬಿ. ಗುರುತನ್ನು ಅವನು ಬರೆದದ್ದು ಮುಚ್ಚಳದ ಮೇಲೆ. ಆಮೇಲೆ ಎರಡೂ ಮುಚ್ಚಳ ತೆಗೆದು ಒಟ್ಟಿಗೆ ತೊಳೆದು, ಕೈಗೆ ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಮುಚ್ಚಿದ್ದ.

"ಡಬ್ಬಿ ಮೇಲೆ ಬರಿ, ಮುಚ್ಚಳದ ಮೇಲೆ ಬರೀಬೇಡ ಅಂತ ತಲೆ ಚಚ್ಕೊಂಡಿದ್ದೀನಿ ನಿನಗೆ!" ಎಂದರು ಡಾಕ್ಟರು. ಹೆಡ್‌ಮೇಡಂರ ಗುಟ್ಟಿನ ಉಪಾಯಕ್ಕೆ ಅವರು ತಲೆ ಅಡ್ಡ ಆಡಿಸಿದರು. "ಆಗಲ್ಲ ಮೇಡಂ. ಇಬ್ಬರ ಒಸಡೂ ನೋಡಬೇಕು. ಆಕೆಗೆ ಸುಳ್ಳು ಹೇಳೋದು ಹೇಗೆ? ಅದೂ ಅವರದೇ ಬಾಯಿ ವಿಷಯದಲ್ಲಿ."

"ಹಾಗಾದ್ರೆ ನನಗೆ ಹೊಸದೇ ಮಾಡಿಕೊಡಿ."

"ಮೂರು ವಾರ ಬೇಕು. ಭಾನುವಾರ ಕಾರ್ಯಕ್ರಮ ಅಂದ್ರಲ್ಲ?"

ಹೆಡ್‌ಮೇಡಂ ಕೈಚೀಲವನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದು ಬೆಂಚಿನ ಮೇಲೆ ಕೂತರು. ಮೆಟ್ಟಿಲಮ್ಮನಿಗೆ ಕರೆ ಹೋಯಿತು. ಅವಳು ಕೈ ತೊಳೆದು ಬಂದು, ಬೆಂಚಿನ ಮೇಲೆ ಜಾಗವಿದ್ದರೂ ಗೋಡೆಗೊರಗಿ ನಿಂತಳು. ಅವಳು ಅಳುತ್ತಾಳೋ, ಹೆದರಿ ಕ್ಷಮೆ ಕೇಳುತ್ತಾಳೋ ಎಂದು ಹೆಡ್‌ಮೇಡಂ ಸಮಾಧಾನದ ಒಂದೆರಡು ಮಾತನ್ನು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದರು. 'ಹೋಗಲಿ ಬಿಡು, ನಿನ್ನ ತಪ್ಪೇನಿಲ್ಲ' ಎನ್ನಬೇಕು. ದೊಡ್ಡವರು ದೊಡ್ಡತನ ತೋರಿಸಬೇಕು.

ಡಾಕ್ಟರು ವಿಷಯ ಹೇಳಿದರು. ಮೆಟ್ಟಿಲಮ್ಮ ಒಂದು ಕ್ಷಣ ಅವರ ಮುಖ ನೋಡಿದಳು. ಆಮೇಲೆ ಹೆಡ್‌ಮೇಡಂರ ಮುಖ ನೋಡಿದಳು.

"ಥೂ!" ಎಂದಳು.

ಕೈ ಬಾಯಿಗೆ ಹೋಯಿತು, ಸೆಟ್ಟು ಹೊರಬಂತು. "ಅಯ್ಯೋ ದೇವರೇ! ಇನ್ನೊಬ್ರ ಎಂಜಲು ನನ್ನ ಬಾಯಲ್ಲಾ! ವಾರದಿಂದ!" ಹಲ್ಲಿಲ್ಲದೆ ಮಾತು ತೊದಲಿದರೂ ಸಿಟ್ಟು ತೊದಲಲಿಲ್ಲ. "ಏ ಕಾಂಪೌಂಡ್ರಪ್ಪ, ಮೊದಲು ಬಿಸಿನೀರು ಕೊಡು ಇಲ್ಲಿ!"

ಹೆಡ್‌ಮೇಡಂ ಎದ್ದೇಬಿಟ್ಟರು. "ಏನು ಥೂ ಅಂತೀಯಾ? ನಾನು ದಿನಕ್ಕೆ ಮೂರು ಸಲ ಬ್ರಶ್ ಮಾಡೋಳು!"

"ನೀವು ಮೂವತ್ತು ಸಲ ಮಾಡಿ ಅಮ್ಮಾ. ನಿಮ್ಮ ಬಾಯಿ ನಿಮ್ಮದು, ನನ್ನ ಬಾಯಿ ನನ್ನದು. ನಮ್ಮನೇಲಿ ನಾನು ಕುಡಿಯೋ ಲೋಟ ನಮ್ಮ ಯಜಮಾನ್ರಿಗೂ ಕೊಡಲ್ಲ. ಅವರು ಬೀಡಿ ಸೇದ್ತಾರೆ."

"ನಾನೇನು ಬೀಡಿ ಸೇದ್ತೀನಾ?"

"ನನಗೇನು ಗೊತ್ತು? ಬಾಗಿಲ ಒಳಗೆ ಯಾರ್ಯಾರು ಏನೇನು ಮಾಡ್ತಾರೋ, ಮೆಟ್ಟಿಲ ಮೇಲೆ ಕೂತೋರಿಗೆ ಕಾಣುತ್ತಾ?"

ಡಾಕ್ಟರು ಔಷಧಿಯ ಬಾಟಲಿಯ ಮೇಲಿನ ಅಕ್ಷರಗಳನ್ನು ಬಹಳ ಗಮನವಿಟ್ಟು ಓದತೊಡಗಿದರು. ಹೆಡ್‌ಮೇಡಂ ಮೆಲ್ಲಗೆ ಕೂತರು. ಇಷ್ಟು ವರ್ಷದಲ್ಲಿ ಯಾರೂ ಅವರನ್ನು ನೋಡಿ ಅಸಹ್ಯಪಟ್ಟಿರಲಿಲ್ಲ. ಹೆದರಿದ್ದುಂಟು, ಬೆನ್ನ ಹಿಂದೆ ಬೈದದ್ದುಂಟು. ಆದರೆ ಈ 'ಥೂ' ಬೇರೆಯೇ ಜಾಗಕ್ಕೆ ತಗುಲಿತು. ತಾವೇನು ಕೊಳಕೇ? ತಾವು ಹಾಗಲ್ಲ ಎಂದು ಯಾರಿಗೆ, ಹೇಗೆ ತೋರಿಸಿಕೊಡುವುದು? ಬ್ರಶ್ಶಿನ ಲೆಕ್ಕ ಕೊಟ್ಟರೂ ಈಕೆ ನಂಬುವುದಿಲ್ಲವಲ್ಲ.

ಆ ಯೋಚನೆ ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಅದು ಮೂರನೇ ಮಹಡಿ ಹತ್ತಿ, ಅಡುಗೆಮನೆ ಹೊಕ್ಕು, ಕಿಟಕಿಯ ಕಟ್ಟೆಯ ಮೇಲೆ ಹೋಗಿ ಕೂತಿತು.

ಸೆಟ್ಟುಗಳು ಉಗುರುಬೆಚ್ಚಗಿನ ನೀರಿನಲ್ಲಿ, ಔಷಧದಲ್ಲಿ ನೆನೆಯುವವರೆಗೆ ಇಬ್ಬರೂ ಕಾಯಬೇಕಾಯಿತು. ಒಂದೇ ಬೆಂಚು. ಬಹಳ ಹೊತ್ತಿನ ಮೇಲೆ ಹೆಡ್‌ಮೇಡಂ ಪಕ್ಕಕ್ಕೆ ಸರಿದು, "ಕೂತ್ಕೋ. ಸೊಂಟ ನೋವು ಅಂತಿದ್ಯಲ್ಲ," ಎಂದರು. ಮೆಟ್ಟಿಲಮ್ಮ ಕೂತಳು. ಹಲ್ಲಿಲ್ಲದ ಇಬ್ಬರ ಕೆನ್ನೆಗಳೂ ಒಂದೇ ಥರ ಒಳಗೆ ಹೋಗಿದ್ದವು. ಎದುರಿನ ಗಾಜಿನ ಬೀರುವಿನಲ್ಲಿ ಅದು ಕಾಣುತ್ತಿತ್ತು. ಇಬ್ಬರೂ ನೋಡಿದರು, ಇಬ್ಬರೂ ನೋಡದಂತೆ ನಟಿಸಿದರು.

"ನಿನಗೆ ಅನುಮಾನ ಬರಲಿಲ್ವಾ?" ಹೆಡ್‌ಮೇಡಂ ಕೇಳಿದರು. "ಅದರಲ್ಲಿ ಒಂದು ಹಲ್ಲು ಸೊಟ್ಟ ಇತ್ತಲ್ಲ."

"ಬಂತು. ಕಮ್ಮಿ ದುಡ್ಡು ಕೊಟ್ಟಿದ್ದಕ್ಕೆ ಕೊನೆಗೂ ಸೊಟ್ಟದ್ದೇ ಗತಿ ಆಯ್ತು ಅಂದ್ಕೊಂಡೆ. ಕೇಳೋಕೆ ನಾಚಿಕೆ. ನಿಮಗೆ ಬರಲಿಲ್ವಾ?"

"ಬಂತು. ಡಾಕ್ಟ್ರು ಸೊಟ್ಟದ್ದನ್ನ ನೆಟ್ಟಗೆ ಮಾಡಿಬಿಟ್ರು ಅಂದ್ಕೊಂಡೆ. ನನಗೂ ಕೇಳೋಕೆ ನಾಚಿಕೆ."

"ಬೇಕೂಂತ ಸೊಟ್ಟ ಮಾಡ್ಸಿದ್ರಾ?" ಮೆಟ್ಟಿಲಮ್ಮ ಕಣ್ಣರಳಿಸಿದಳು.

ಯಾರಿಗೂ ಹೇಳದ ಮಾತು ಹೆಡ್‌ಮೇಡಂರ ಬಾಯಿಂದ, ಹಲ್ಲಿನ ತಡೆ ಇಲ್ಲದ್ದಕ್ಕೋ ಏನೋ, ಜಾರಿಬಿತ್ತು. "ನಮ್ಮೆಜಮಾನ್ರಿಗೆ ಅದು ತುಂಬಾ ಇಷ್ಟ ಇತ್ತು."

ಮೆಟ್ಟಿಲಮ್ಮನ ಭುಜ ಕುಲುಕತೊಡಗಿತು. "ನಮ್ಮೋರೂ ಅದನ್ನೇ ಅಂದ್ರು ಅಮ್ಮಾ! ಹೋದ ವಾರ ಊಟಕ್ಕೆ ಕೂತಾಗ ನನ್ನನ್ನೇ ನೋಡ್ತಾರೆ. ಏನ್ರೀ ಅಂದ್ರೆ, 'ಈಗ ನಿನ್ನ ಮುಖಕ್ಕೊಂದು ಕಳೆ ಬಂತು ಕಣೇ' ಅಂತಾರೆ. ಇಷ್ಟು ವರ್ಷಕ್ಕೆ ಮೊದಲ್ನೇ ಸಲ ಹೊಗಳಿದ್ದು, ಅದೂ ನಿಮ್ಮ ಹಲ್ಲನ್ನ! ಈ ಗಂಡಸರಿಗೆ ನೆಟ್ಟಗಿರೋದು ಕಣ್ಣಿಗೇ ಬೀಳಲ್ಲ ನೋಡಿ."

ಹೆಡ್‌ಮೇಡಂ ನಕ್ಕರು. ಹಲ್ಲಿಲ್ಲದೆ ನಗುವುದು ಅಷ್ಟು ಸುಲಭವೆಂದು ಅವರಿಗೆ ತಿಳಿದಿರಲಿಲ್ಲ.

ಕಾಂಪೌಂಡರ ಎರಡು ಸೆಟ್ಟುಗಳನ್ನೂ ತಂದ. ಅವರವರದ್ದು ಅವರವರ ಬಾಯಿಗೆ ಬಂತು. ಮೆಟ್ಟಿಲಮ್ಮ ತನ್ನದನ್ನು ಇನ್ನೊಮ್ಮೆ ತೊಳೆಸಿಯೇ ಹಾಕಿಕೊಂಡಳು. ಹೆಡ್‌ಮೇಡಂ 'ಶಿಸ್ತು' ಎಂದು ಮೆಲ್ಲಗೆ ಹೇಳಿ ನೋಡಿದರು. ಸಿಳ್ಳೆ ಇಲ್ಲ.

"ಇನ್ನು ಮೇಲೆ ಹೀಗಾಗಬಾರದು," ಎಂದು ಕಾಂಪೌಂಡರ ಕೈಯಲ್ಲೊಂದು ಬಣ್ಣದ ಪೆನ್ನು ಹಿಡಿದು ಬಂದ. "ಒಂದು ಡಬ್ಬಿ ತಳಕ್ಕೆ ಕೆಂಪು ಚುಕ್ಕೆ ಇಟ್ಟುಬಿಡ್ತೀನಿ ಡಾಕ್ಟ್ರೇ. ಯಾರದಕ್ಕೆ ಇಡ್ಲಿ?"

"ಚುಕ್ಕೆ ಬೇಡ," ಎಂದರು ಹೆಡ್‌ಮೇಡಂ ತಟ್ಟನೆ.

"ನನ್ನದಕ್ಕೇ ಇಡಪ್ಪ," ಎಂದಳು ಮೆಟ್ಟಿಲಮ್ಮ. ಸಿಟ್ಟಿರಲಿಲ್ಲ, ವ್ಯಂಗ್ಯವೂ ಇದ್ದಂತಿರಲಿಲ್ಲ. "ಕೆಂಪು ಚುಕ್ಕೆ ನನಗೆ ರೂಢಿ ಇದೆ. ಹುಡುಕೋದು ಸುಲಭ."

ಅವಳು ಬಕೆಟ್ಟು ಎತ್ತಿಕೊಂಡು ಹೋದಳು. ಅರ್ಧಕ್ಕರ್ಧ ಮೆಟ್ಟಿಲುಗಳನ್ನು ಇನ್ನೂ ಒರೆಸುವುದಿತ್ತು.

ಹೆಡ್‌ಮೇಡಂ ಮನೆಗೆ ಬಂದವರೇ ಸೊಸೆಯ ಮೇಜಿನಿಂದ ಉಗುರುಬಣ್ಣ ಅಳಿಸುವ ಬಾಟಲಿಯನ್ನೂ ಒಂದಿಷ್ಟು ಹತ್ತಿಯನ್ನೂ ತಂದು ಅಡುಗೆಮನೆಯಲ್ಲಿ ನಿಂತರು. ಕಟ್ಟೆಯ ಮೇಲಿನ ಲೋಟ ಮಗುಚಿ, ಉಸಿರು ಬಿಗಿಹಿಡಿದು ಉಜ್ಜಿದರು. ಚುಕ್ಕೆ ಹೋಯಿತು. ಲೋಟವನ್ನು ಮಿಕ್ಕ ಲೋಟಗಳ ನಡುವೆ ಇಟ್ಟು, ಏನೋ ದೊಡ್ಡದು ಮಾಡಿದವರಂತೆ ಸೊಸೆಯತ್ತ ತಿರುಗಿದರು.

ಸೊಸೆ ಬಾಗಿಲಿಗೊರಗಿ ನೋಡುತ್ತಿದ್ದಳು. "ಅತ್ತೆ, ಒಂದು ಮಾತು ಹೇಳ್ಲಾ? ಬಯ್ಯಬಾರದು."

"ಹೇಳು."

"ಉಗುರುಬಣ್ಣ ಎಷ್ಟು ದಿನ ನಿಲ್ಲುತ್ತೆ? ತಿಕ್ಕಿ ತಿಕ್ಕಿ ಹೋಗಿಬಿಡುತ್ತೆ. ಹೋದಾಗೆಲ್ಲ ನೀವು ಬೈತೀರಿ ಅಂತ, ಕೈಗೆ ಸಿಕ್ಕಿದ ಲೋಟಕ್ಕೆ ಇನ್ನೊಂದು ಚುಕ್ಕೆ ಇಡ್ತಿದ್ದೆ. ಯಾವುದು ಮೊದಲ್ನೇದೋ ನನಗೇ ಗೊತ್ತಿಲ್ಲ."

ಹೆಡ್‌ಮೇಡಂ ಸ್ಟ್ಯಾಂಡಿನ ಕಡೆ ನೋಡಿದರು. ಲೋಟಗಳು ಸಾಲಾಗಿ, ಒಂದರಂತೆ ಒಂದು, ಮುಗ್ಧವಾಗಿ ಹೊಳೆಯುತ್ತಿದ್ದವು. ಯಾವುದರಲ್ಲಿ ಯಾರು ಕುಡಿದಿದ್ದರು, ಎಷ್ಟು ಬೆಳಗು, ಎಷ್ಟು ವರ್ಷ! ಮುಕ್ಕಳಿಸಬೇಕಾದರೆ ಇನ್ನು ಒಂದು ಬಾವಿಯೇ ಬೇಕಾಗುತ್ತಿತ್ತು. ಅವರಿಗೆ ಸಿಟ್ಟು ಬರಬೇಕಿತ್ತು. ತುಟಿಯ ಎಡತುದಿಯಲ್ಲಿ ಮೊದಲು ಆ ಸೊಟ್ಟ ಹಲ್ಲು ಹಣಿಕಿತು. ಮಿಕ್ಕವು ಅದರ ಹಿಂದೆ ಬಂದವು.

"ಕಳ್ಳಿ," ಎಂದರು. ಅಷ್ಟೇ.

ಭಾನುವಾರದ ಭಾಷಣ ಸಿಳ್ಳೆಯಿಲ್ಲದೆ ನಡೆಯಿತು. ಶಿಸ್ತಿನ ಬಗ್ಗೆ, ಸಮಯಪಾಲನೆಯ ಬಗ್ಗೆ ಹೆಡ್‌ಮೇಡಂ ಮಾತಾಡಿದರು. ಶುಚಿಯ ಪುಟ ಕೈಚೀಲದಲ್ಲೇ ಉಳಿಯಿತು. ಅದರಲ್ಲಿ ಬರೆದದ್ದು ಸುಳ್ಳೆಂದಲ್ಲ, ಓದಲು ಅವರಿಗೆ ಮನಸ್ಸು ಬರಲಿಲ್ಲ. ಮೇಡಂ ಇಷ್ಟು ಚುಟುಕಾಗಿ, ಇಷ್ಟು ಚೆನ್ನಾಗಿ ಎಂದೂ ಮಾತಾಡಿರಲಿಲ್ಲವೆಂದು ಹಳೆಯ ವಿದ್ಯಾರ್ಥಿನಿಯರು ಹೇಳಿಕೊಂಡರು.

ಮರುದಿನ ಬೆಳಿಗ್ಗೆ ಮೆಟ್ಟಿಲಮ್ಮ ಮೂರನೇ ಮಹಡಿಗೆ ಇಳಿದಾಗ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಊಟದ ಮೇಜಿನ ಮೇಲೆ ಒಂದು ತಟ್ಟೆ, ತಟ್ಟೆಯಲ್ಲಿ ಮೂರು ಲೋಟ ಟೀ. ಮೂರು ಕುರ್ಚಿ ಹೊರಗೆಳೆದಿದ್ದವು.

"ಬನ್ನಿ, ಒಳಗೆ ಕೂತ್ಕೊಳ್ಳಿ," ಎಂದರು ಹೆಡ್‌ಮೇಡಂ. 'ಬನ್ನಿ' ಎಂದದ್ದು ಅವರಿಗೇ ಆಮೇಲೆ ಕೇಳಿಸಿತು. ಸೊಸೆ ಟೀಯೊಳಗೆ ಮುಖ ಇಳಿಸಿಕೊಂಡಳು.

ಮೆಟ್ಟಿಲಮ್ಮ ಕಾಲೊರೆಸಿಕೊಂಡು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ತಟ್ಟೆಯ ಮೇಲೆ ಕಣ್ಣಾಡಿಸಿ, ಒಂದು ಲೋಟ ಎತ್ತಿ, ಟೀ ಚೆಲ್ಲದಂತೆ ವಾರೆಯಾಗಿ ಹಿಡಿದು ತಳ ನೋಡಿದಳು. ಏನೂ ಇರಲಿಲ್ಲ. ಇನ್ನೊಂದನ್ನು ನೋಡಿದಳು.

"ನನ್ನದು ಯಾವುದು ಅಮ್ಮಾ?"

"ಹತ್ತಿರ ಇರೋದು ತಗೊಳ್ಳಿ. ಆರುತ್ತೆ."

ಮೆಟ್ಟಿಲಮ್ಮ ಹತ್ತಿರವಿದ್ದುದನ್ನು ತೆಗೆದುಕೊಂಡಳು. ಕುಡಿಯಲಿಲ್ಲ. ಹೆಗಲ ಮೇಲಿನ ಬಿಳಿ ಬಟ್ಟೆ ತೆಗೆದು, ಮಡಿಕೆ ಬಿಡಿಸಿ, ಲೋಟದ ಅಂಚನ್ನು ಸುತ್ತಲೂ ನಿಧಾನವಾಗಿ, ಅಚ್ಚುಕಟ್ಟಾಗಿ ಒರೆಸಿದಳು. ಆಮೇಲೆ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಇನ್ನೊಂದು ಸುತ್ತು ಒರೆಸಿದಳು.

ಹೆಡ್‌ಮೇಡಂ ಕೈ ಚಾಚಿದರು.

"ಮುಗಿದ ಮೇಲೆ ಆ ಬಟ್ಟೆ ಇಲ್ಲಿ ಕೊಡಿ," ಎಂದರು. "ನನ್ನದನ್ನೂ ಒರೆಸ್ಕೋತೀನಿ."